ಸಿಟಿ ಸ್ಕ್ಯಾನ್‌ಗೆ ಬರುತ್ತಿದ್ದೀರಾ? ಒಳಗೆ ಮಲಗುವ ಮೊದಲು ಇಷ್ಟು ಹೇಳಿಬಿಡಿ

ದಾವಣಗೆರೆಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಸಿಟಿ ಟೆಕ್ನಿಷಿಯನ್. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಜನ ಬರುತ್ತಾರೆ. ಮಲಗುವ ಮೊದಲು ಹೆಚ್ಚಿನವರು ಕೇಳುವುದು, "ಮೇಡಂ, ನೋವಾಗುತ್ತಾ? ಕರೆಂಟ್ ಹೊಡೆಯುತ್ತಾ?" ಎರಡೂ ಇಲ್ಲ. ಇದು ಎಕ್ಸ್‌ರೇಯಿಂದ ತೆಗೆಯುವ ಚಿತ್ರ, ಮೆಷಿನ್ ಮೈಗೆ ತಾಗುವುದೇ ಇಲ್ಲ. ನನಗೆ ಭಯ ಇರುವುದು ಬೇರೆ ಕಡೆ. ಹೇಳಬೇಕಾದ್ದನ್ನು ಹೇಳದೆ ಒಳಗೆ ಬರುವವರು ಜಾಸ್ತಿ.

ಮೊದಲು ಡಾಕ್ಟರ್ ಬರೆದ ಚೀಟಿ ನೋಡಿ. ಪ್ಲೇನ್ ಅಂತ ಇದೆಯಾ, ಕಾಂಟ್ರಾಸ್ಟ್ ಅಂತ ಇದೆಯಾ? ಬೈಕಿನಿಂದ ಬಿದ್ದು ತಲೆಗೆ ಪ್ಲೇನ್ ಸ್ಕ್ಯಾನ್ ಬರೆದಿದ್ದರೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಕಾಂಟ್ರಾಸ್ಟ್ ಅಂದರೆ ಕೈಯ ನರಕ್ಕೆ ಅಯೋಡಿನ್ ಇರುವ ಔಷಧಿ ಕೊಡುತ್ತಾರೆ. ಅದಕ್ಕೆ ಹೆಚ್ಚಿನ ಕಡೆ 4 ಗಂಟೆ ಖಾಲಿ ಹೊಟ್ಟೆ ಕೇಳುತ್ತಾರೆ. ಬಸ್ ಇಳಿದವರೇ ಬೆಣ್ಣೆ ದೋಸೆ ತಿಂದು ಬಂದರೆ ಮಧ್ಯಾಹ್ನದವರೆಗೆ ಕೂರಬೇಕಾಗುತ್ತದೆ. ದೋಸೆ ಎಲ್ಲೂ ಓಡಿಹೋಗಲ್ಲ, ಆಮೇಲೆ ತಿನ್ನಿ. ಬಿಪಿ ಮಾತ್ರೆಯನ್ನು ಮಾತ್ರ ಎಂದಿನಂತೆ ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಶುಗರ್ ಇದ್ದವರು ಬೆಳಗ್ಗೆ ಮೊದಲ ಟೈಮ್ ಕೇಳಿ ತೆಗೆದುಕೊಳ್ಳಿ. ಉಪವಾಸದ ದಿನ ಇನ್ಸುಲಿನ್, ಮಾತ್ರೆ ಹೇಗೆ ಅಂತ ಡಾಕ್ಟರನ್ನೇ ಕೇಳಿ.

ಈಗ ಹೇಳಲೇಬೇಕಾದ ಮಾತುಗಳು. ಕಿಡ್ನಿ ತೊಂದರೆ ಇದೆಯಾ? ಕಾಂಟ್ರಾಸ್ಟ್ ಔಷಧಿ ಮೂತ್ರದಲ್ಲಿ ಹೊರಗೆ ಹೋಗಬೇಕು, ಅದಕ್ಕೇ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತೇವೆ. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೀರಾ? ಕಿಡ್ನಿ ವೀಕ್ ಇದ್ದರೆ ಡಾಕ್ಟರ್ ಅದನ್ನು 2 ದಿನ ನಿಲ್ಲಿಸಲು ಹೇಳಬಹುದು. ನೀವಾಗಿಯೇ ನಿಲ್ಲಿಸಬೇಡಿ. ಹಿಂದೆ ಸ್ಕ್ಯಾನ್ ಇಂಜೆಕ್ಷನ್ ಕೊಟ್ಟಾಗ ಮೈ ತುಂಬ ದದ್ದು, ತುರಿಕೆ, ಉಸಿರಾಟದ ತೊಂದರೆ ಆಗಿತ್ತಾ? ಅಸ್ತಮಾ, ಥೈರಾಯ್ಡ್ ಇದೆಯಾ? ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಕವರಿಗೆ ಹಾಕಿಕೊಂಡು ಬನ್ನಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮುಟ್ಟು ತಪ್ಪಿದ್ದರೆ, ಗರ್ಭಿಣಿ ಇರಬಹುದು ಅನ್ನೋ ಅನುಮಾನ ಇದ್ದರೂ ಹೇಳಿ. ಅತ್ತೆ ಪಕ್ಕದಲ್ಲಿ ನಿಂತಿದ್ದಾರೆ ಅಂತ ಎಷ್ಟೋ ಜನ ಸುಮ್ನೆ ತಲೆ ತಗ್ಗಿಸುತ್ತಾರೆ. ಅದಕ್ಕೆ ನಾನು ಜೊತೆಗೆ ಬಂದವರನ್ನು ಹೊರಗೆ ಕಳಿಸಿಯೇ ಕೇಳುವುದು.

ಲೋಹದ ವಿಷಯಕ್ಕೆ ನಮ್ಮೂರಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಚಿತ್ರ ತೆಗೆಯುವ ಜಾಗದಲ್ಲಿ ಚಿನ್ನ, ಬೆಳ್ಳಿ ಇದ್ದರೆ ಅದರ ಸುತ್ತ ಬಿಳಿ ಗೆರೆಗಳು ಬಂದು ಒಳಗಿರುವುದು ಮುಚ್ಚಿಹೋಗುತ್ತದೆ. ಎದೆಯ ಸ್ಕ್ಯಾನ್‌ಗೆ ತಾಳಿ ತೆಗೆಯಿರಿ ಅಂದರೆ ಅಜ್ಜಿಯರ ಮುಖ ಸಣ್ಣದಾಗುತ್ತದೆ. ಅರಿಶಿನ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡು ಬನ್ನಿ, ಅದರಿಂದ ಏನೂ ತೊಂದರೆ ಇಲ್ಲ. ಲಿಂಗ ಕಟ್ಟಿದವರು ಬೆಳ್ಳಿ ಕರಡಿಗೆಯನ್ನು ಬೇರೆಯವರ ಕೈಗೆ ಕೊಡಲು ಒಪ್ಪುವುದಿಲ್ಲ. ಕೊಡುವುದೂ ಬೇಡ. ಎದೆ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಕೈ ತಲೆಯ ಮೇಲಕ್ಕೆ ಚಾಚಿರುತ್ತೀರಲ್ವಾ, ಕರಡಿಗೆಯನ್ನು ನಿಮ್ಮ ಅಂಗೈಯಲ್ಲೇ ಹಿಡಿದುಕೊಳ್ಳಿ. ಉಡಿದಾರ, ತಾಯತ, ಹುಕ್ಕಿನ ಒಳಉಡುಪು ತೆಗೆಯಬೇಕು. ತಲೆಯ ಸ್ಕ್ಯಾನ್‌ಗೆ ಓಲೆ, ಮೂಗುತಿ, ಪಿನ್ನು, ಹಲ್ಲಿನ ಸೆಟ್ಟು. ಚನ್ನಗಿರಿ ಕಡೆಯವರೇ, ಬಾಯಲ್ಲಿರುವ ಅಡಿಕೆಯನ್ನೂ ದಯವಿಟ್ಟು ಉಗಿದು ಬನ್ನಿ. ದವಡೆ ಆಡಿದರೆ ಚಿತ್ರವೂ ಅಲ್ಲಾಡುತ್ತದೆ.

ಹೊಟ್ಟೆಯ ಸ್ಕ್ಯಾನ್ ಆದರೆ ಕೆಲವೊಮ್ಮೆ ಔಷಧಿ ಬೆರೆಸಿದ ನೀರನ್ನು, ಒಂದು ಲೀಟರ್ ಆಸುಪಾಸು, ಒಂದು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತೇವೆ. ರುಚಿ ಅಷ್ಟಕ್ಕಷ್ಟೆ.

ಒಳಗೆ ಮೆಷಿನ್ ನೋಡಿ ಹೆದರಬೇಡಿ. ನಿಲ್ಲಿಸಿಟ್ಟ ದೊಡ್ಡ ಉದ್ದಿನ ವಡೆಯ ಹಾಗಿರುತ್ತದೆ, ತೂತಿನಲ್ಲಿ ನಿಮ್ಮ ಮಂಚ ಹಿಂದೆ ಮುಂದೆ ಹೋಗುತ್ತದೆ. ಎಂಆರ್‌ಐ ಥರ ಉದ್ದನೆಯ ಕೊಳವೆ ಅಲ್ಲ, ಅಷ್ಟು ಸದ್ದೂ ಇಲ್ಲ. ನಾನು ಗಾಜಿನ ಆಚೆ ಇರುತ್ತೇನೆ, ಮೈಕಿನಲ್ಲಿ ಮಾತಾಡುತ್ತೇನೆ, ನೀವು ಕೂಗಿದರೆ ಕೇಳಿಸುತ್ತದೆ. "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ" ಅಂದಾಗ ಕೆಲವೇ ಸೆಕೆಂಡ್ ಹಿಡಿದರೆ ಸಾಕು. ಕೆಲವು ಮೆಷಿನ್‌ಗಳು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಹೇಳುತ್ತವೆ. ಅರ್ಥ ಆಗದಿದ್ದರೆ ಮೊದಲೇ ಕೇಳಿ, ಒಂದು ಸಲ ಅಭ್ಯಾಸ ಮಾಡಿಸುತ್ತಾರೆ.

ಇಂಜೆಕ್ಷನ್ ಹೋಗುವಾಗ ಗಂಟಲಿನಿಂದ ತೊಡೆಯವರೆಗೆ ಬಿಸಿ ಹರಿಯುತ್ತದೆ. ನಾಲಿಗೆಗೆ ಕಬ್ಬಿಣದ ರುಚಿ ಬರುತ್ತದೆ. ಮೂತ್ರ ಹೋಗಿಯೇಬಿಟ್ಟಿತು ಅನ್ನಿಸುತ್ತದೆ. ಹೋಗಿರುವುದಿಲ್ಲ. ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ. ಆದರೆ ಸೂಜಿಯ ಜಾಗ ಊದಿ ಉರಿದರೆ, ಗಂಟಲು ಬಿಗಿದರೆ, ತುರಿಕೆ ಶುರುವಾದರೆ ತಡೆದುಕೊಳ್ಳಬೇಡಿ, ತಕ್ಷಣ ಕೂಗಿ. ಮುಗಿದ ಮೇಲೂ ಅರ್ಧ ಗಂಟೆ ಕೂರಿಸುವುದು ಇದಕ್ಕೇ. ಬಸ್ ತಪ್ಪುತ್ತದೆ ಅಂತ ಸೂಜಿ ಕೀಳಿಸಿಕೊಂಡು ಓಡಬೇಡಿ. ನೀರು ಕಡಿಮೆ ಕುಡಿಯಿರಿ ಅಂತ ಡಾಕ್ಟರ್ ಹೇಳಿಲ್ಲದಿದ್ದರೆ ಆ ದಿನ ಚೆನ್ನಾಗಿ ನೀರು ಕುಡಿಯಿರಿ.

ಹೊಟ್ಟೆಯ ಒಂದು ಸಿಟಿಯಲ್ಲಿ ಎದೆಯ ಎಕ್ಸ್‌ರೇಗಿಂತ ನೂರಾರು ಪಟ್ಟು ಜಾಸ್ತಿ ವಿಕಿರಣ ಇರುತ್ತದೆ. ಬೇಕಾದಾಗ ಮಾಡಿಸಲೇಬೇಕು. "ಯಾವುದಕ್ಕೂ ಇರಲಿ, ಪೂರ್ತಿ ಮೈ ತೆಗೆದುಬಿಡಿ" ಅನ್ನುವವರ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. ಹಳೆಯ ಫಿಲಂ, ಸಿಡಿ ತನ್ನಿ, ಎಷ್ಟೋ ಸಲ ಮತ್ತೆ ತೆಗೆಯುವುದೇ ತಪ್ಪುತ್ತದೆ.

ಕೊನೆಗೆ, "ಏನು ಬಂದಿದೆ ಮೇಡಂ?" ಅಂತ ನನ್ನನ್ನು ಕೇಳಬೇಡಿ. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ನೋಡಿ ಓದುವ ಡಾಕ್ಟರ್, ಅದನ್ನು ನಿಮಗೆ ಬಿಡಿಸಿ ಹೇಳುವುದು ಚೀಟಿ ಬರೆದ ಡಾಕ್ಟರ್. ಫಿಲಂ ಕೊಟ್ಟ ಮೇಲೆ ಅದನ್ನು ಮಡಚಬೇಡಿ, ನಮ್ಮ ಏಪ್ರಿಲ್ ಬಿಸಿಲಲ್ಲಿ ಕಾರಿನ ಗಾಜಿನ ಹಿಂದೆ ಇಡಬೇಡಿ. ಬಿಸಿಗೆ ಅದು ಕಪ್ಪಾಗುತ್ತದೆ.