ಡಬಲ್ ಐಪಿಎ: ನೋಡಿ, ಮೂಸಿ, ಸವಿದು ಅಂಕ ಕೊಡುವ ಕ್ರಮ

ಬೆಳಗಾವಿಯ ಯಾವುದೇ ಬಾರಿನಲ್ಲಿ ಕುಳಿತು ‘ಒಂದು ಸ್ಟ್ರಾಂಗ್ ಕೊಡ್ರಿ’ ಎಂದರೆ ಮೇಜಿಗೆ ಬರುವುದು ಸಾಮಾನ್ಯವಾಗಿ 650 ಮಿಲಿಲೀಟರಿನ, ಕೈ ಜೋಮು ಹಿಡಿಯುವಷ್ಟು ತಣ್ಣಗಿರುವ ಲಾಗರ್ ಎಂಬ ಸಾಮಾನ್ಯ ಬಿಯರಿನ ಬಾಟಲಿ. ಅದರಲ್ಲಿ ಕಹಿ ಕಡಿಮೆ, ಪರಿಮಳ ಇನ್ನೂ ಕಡಿಮೆ. ಎಷ್ಟು ಬೇಗ ತಲೆಗೇರುತ್ತದೆ ಎಂಬುದರ ಮೇಲೆಯೇ ಅದರ ಬೆಲೆ ಕಟ್ಟಲಾಗುತ್ತದೆ. ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವ ಕ್ರಾಫ್ಟ್ ಬಿಯರ್ ತಯಾರಕರು ‘ಡಬಲ್ ಐಪಿಎ’ ಅಥವಾ ‘ಇಂಪೀರಿಯಲ್ ಐಪಿಎ’ (ಐಪಿಎ ಎಂದರೆ ಇಂಡಿಯಾ ಪೇಲ್ ಏಲ್) ಎಂದು ಕರೆಯುವ ಬಿಯರಿನಲ್ಲಿಯೂ ಮದ್ಯಸಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆಯಾದರೂ ಅದನ್ನು ಅಳೆಯುವ ಕೋಲು ಬೇರೆ. ಹಾಪ್ಸ್ ಹೂವಿನಿಂದ ಬಂದ ಕಹಿ ಎಷ್ಟು ಸ್ವಚ್ಛವಾಗಿ ನಾಲಿಗೆಗೆ ತಾಗುತ್ತದೆ, ಎಷ್ಟು ಸ್ವಚ್ಛವಾಗಿ ನಾಲಿಗೆಯನ್ನು ಬಿಟ್ಟುಹೋಗುತ್ತದೆ ಎಂಬುದರಲ್ಲಿ ಈ ಬಿಯರಿನ ಯೋಗ್ಯತೆ ಇದೆ. ಕಹಿಯ ಪ್ರಮಾಣ ಡಬ್ಬಿಯ ಮೇಲೆ ಅಚ್ಚಾಗಿರಬಹುದು, ಆದರೆ ಅದರ ಗುಣವನ್ನು ನಾವೇ ಕಂಡುಕೊಳ್ಳಬೇಕು.

ಹಾಪ್ಸ್ ಬಳ್ಳಿಯ ಹೆಣ್ಣು ಹೂವಿನ ಎಸಳುಗಳ ಬುಡದಲ್ಲಿ ಲುಪುಲಿನ್ ಎಂಬ ಅಂಟಂಟಾದ ಹಳದಿ ಪುಡಿ ಇರುತ್ತದೆ. ಅದರಲ್ಲಿರುವ ಆಲ್ಫಾ ಆಮ್ಲಗಳು ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಕುದಿಯುವ ರಸದಲ್ಲಿ ಐಸೋ-ಆಲ್ಫಾ ಆಮ್ಲಗಳಾಗಿ ಮಾರ್ಪಟ್ಟಾಗ ಕಹಿ ಹುಟ್ಟುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಕಹಿ ಏರುತ್ತದೆ, ಆದರೆ ಮಿರ್ಸೀನ್, ಲಿನಲೂಲ್‌ನಂತಹ ಪರಿಮಳದ ತೈಲಗಳು ಆವಿಯಾಗಿ ಹೋಗುತ್ತವೆ. ಆದ್ದರಿಂದ ತಯಾರಕರು ಪರಿಮಳಕ್ಕೆಂದೇ ಕುದಿ ನಿಂತ ಮೇಲೆ ಒಮ್ಮೆ, ಹುದುಗು ಮುಗಿಯುತ್ತ ಬಂದಾಗ ಮತ್ತೊಮ್ಮೆ ಹಾಪ್ಸ್ ಸುರಿಯುತ್ತಾರೆ. ಕೊನೆಯದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಕಹಿಯನ್ನು ಐಬಿಯು ಎಂಬ ಮಾನದಲ್ಲಿ ಹೇಳುವುದು ರೂಢಿ. ಒಂದು ಐಬಿಯು ಎಂದರೆ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಐಸೋ-ಆಲ್ಫಾ ಆಮ್ಲ. ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ 2021ರ ಮಾರ್ಗಸೂಚಿಯಂತೆ ಡಬಲ್ ಐಪಿಎಯಲ್ಲಿ 60ರಿಂದ 100 ಐಬಿಯು ಮತ್ತು ಶೇಕಡ 7.5ರಿಂದ 10ರಷ್ಟು ಮದ್ಯಸಾರ ಇರಬೇಕು. ಸಾಧಾರಣ ಲಾಗರ್‌ಗಳ ಕಹಿ 25 ಐಬಿಯು ದಾಟುವುದು ಅಪರೂಪ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಸ್ಟ್ರಾಂಗ್ ಬಿಯರಿನ ಮಿತಿ ಶೇಕಡ 8 ಆಗಿರುವುದರಿಂದ ಇಲ್ಲಿ ತಯಾರಾಗುವ ಡಬಲ್ ಐಪಿಎಗಳು ಆ ಶ್ರೇಣಿಯ ಕೆಳತುದಿಯಲ್ಲೇ ನಿಲ್ಲುತ್ತವೆ. ಐಪಿಎಯ ಹೆಸರಿನಲ್ಲಿ ಇಂಡಿಯಾ ಇದೆಯಾದರೂ ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹಡಗಿನಲ್ಲಿ ಇಲ್ಲಿಗೆ ಕಳುಹಿಸಲೆಂದು. ಅದರ ಡಬಲ್ ರೂಪವನ್ನು ಮೊದಲು ಮಾಡಿದವರು ಕ್ಯಾಲಿಫೋರ್ನಿಯಾದ ವಿನ್ನಿ ಸಿಲುರ್ಜೊ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದು 1994ರ ಮಾತು.

ಕೊಳ್ಳುವಾಗ

ಪರೀಕ್ಷೆ ಶುರುವಾಗುವುದು ಅಂಗಡಿಯಲ್ಲಿಯೇ. ಡಬ್ಬಿಯ ತಳದಲ್ಲಿಯೋ ಲೇಬಲ್ಲಿನ ಅಂಚಿನಲ್ಲಿಯೋ ಅಚ್ಚಾಗಿರುವ ತಯಾರಿಕೆಯ ದಿನಾಂಕವನ್ನು ಓದಬೇಕು. ಹಾಪ್ಸ್ ಪರಿಮಳ ಬೇಗ ಮಾಸುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ತಿಂಗಳಲ್ಲಿ ಹಣ್ಣಿನ ವಾಸನೆ ಇಳಿದು ಜೇನು, ಒದ್ದೆ ರಟ್ಟಿನ ವಾಸನೆ ಮೇಲೇಳುತ್ತದೆ. ಸೆಕೆಯಲ್ಲಿ ಇಟ್ಟರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ. ಬೆಳಗಾವಿಯ ಹವೆ ತಂಪು ಎಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಬೆಂಗಳೂರಿನಿಂದ ಬರುವ ಪೆಟ್ಟಿಗೆ ಬೇಸಿಗೆಯ ಹೆದ್ದಾರಿಯಲ್ಲಿ ಲಾರಿಯೊಳಗೆ ಇಡೀ ದಿನ ಕಾದಿರಬಹುದು. ಚೋರ್ಲಾ ಘಾಟಿನ ಆಚೆ ಗೋವಾದಲ್ಲಿ ಒಳ್ಳೆಯ ಕ್ರಾಫ್ಟ್ ಬಿಯರ್ ಸಿಗುತ್ತದೆ ಎಂದು ಕಾರಿನ ಡಿಕ್ಕಿ ತುಂಬಿಕೊಂಡು ಬರುವ ಯೋಚನೆ ಇದ್ದರೆ ಬಿಡುವುದು ಲೇಸು. ದಾರಿಯಲ್ಲಿ ಬಿಯರ್ ಬಿಸಿಯಾಗುತ್ತದೆ, ಪರ್ಮಿಟ್ ಇಲ್ಲದೆ ಗಡಿ ದಾಟಿಸುವುದು ಅಬಕಾರಿ ಅಪರಾಧವೂ ಹೌದು. ಅಲ್ಲಿಯದನ್ನು ಅಲ್ಲಿಯೇ ಸವಿಯಬೇಕು.

ಬಾಟಲಿಗಿಂತ ಡಬ್ಬಿ ಮೇಲು. ಬೆಳಕಿನ ನೀಲಿ ಅಂಶ ಐಸೋ-ಆಲ್ಫಾ ಆಮ್ಲವನ್ನು ಒಡೆದಾಗ ಗಂಧಕದ ಒಂದು ಸಂಯುಕ್ತ ಉಂಟಾಗಿ ಸುಟ್ಟ ರಬ್ಬರಿನಂತಹ ನಾತ ಬರುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯದು, ಬಿಳಿ ಗಾಜಂತೂ ತಡೆಯುವುದೇ ಇಲ್ಲ. ಹಾಪ್ಸ್ ಹೆಚ್ಚಿದ್ದಷ್ಟೂ ಈ ದೋಷಕ್ಕೆ ಬೇಕಾದ ಸರಕು ಬಿಯರಿನಲ್ಲಿ ಹೆಚ್ಚು.

ಗ್ಲಾಸು, ತಂಪು, ಬಾಯಿ

ಸ್ಟೀಲ್ ಲೋಟ ಬೇಡ, ಪ್ಲಾಸ್ಟಿಕ್ಕೂ ಬೇಡ. ಬಾಯಿ ಸ್ವಲ್ಪ ಕಿರಿದಾಗಿರುವ ವೈನ್ ಗ್ಲಾಸು ಮನೆಯಲ್ಲಿದ್ದರೆ ಅದೇ ಸಾಕು. ಗ್ಲಾಸಿಗೆ ಜಿಡ್ಡು ಅಂಟಿದ್ದರೆ ನೊರೆ ಕುಸಿಯುತ್ತದೆ. ಆದ್ದರಿಂದ ಪಾತ್ರೆಯ ಸೋಪಿನಿಂದ ತೊಳೆದು, ಸೋಪಿನ ವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಯಿಸಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಬೇಕು. ಬೋರಿನ ಗಡಸು ನೀರು ಬಳಸುವವರ ಮನೆಯಲ್ಲಿ ಗ್ಲಾಸಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಕೊನೆಯಲ್ಲಿ ಒಮ್ಮೆ ಫಿಲ್ಟರ್ ನೀರು ಹಾಯಿಸಿದರೆ ಅದು ತಪ್ಪುತ್ತದೆ.

ಫ್ರಿಜ್ಜಿನ 4 ಡಿಗ್ರಿಯಲ್ಲಿರುವ ಬಿಯರು ನಾಲಿಗೆಯನ್ನು ಮರಗಟ್ಟಿಸುತ್ತದೆ, ಪರಿಮಳವನ್ನೂ ಅದುಮಿಡುತ್ತದೆ. ಡಬಲ್ ಐಪಿಎಯನ್ನು 8ರಿಂದ 12 ಡಿಗ್ರಿ ಸೆಲ್ಸಿಯಸ್ ನಡುವೆ ಸವಿಯಬೇಕು. ಮಳೆಗಾಲದ ಬೆಳಗಾವಿಯಲ್ಲಿ ಹದಿನೈದು ನಿಮಿಷ ಹೊರಗಿಟ್ಟರೆ ಹದಕ್ಕೆ ಬರುತ್ತದೆ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಅದರ ಅರ್ಧ ಹೊತ್ತೂ ಬೇಡ.

ಪರೀಕ್ಷೆಗೆ ಮುಂಚಿನ ಒಂದು ತಾಸು ಅಡಕೆ, ಗುಟ್ಕಾ, ಸಿಗರೇಟು, ಚಹಾ ಯಾವುದೂ ಕೂಡದು. ಕೋಣೆಯಲ್ಲಿ ಊದಿನಕಡ್ಡಿ ಉರಿಯುತ್ತಿರಬಾರದು. ಭಡಂಗ, ಮಿರ್ಚಿ ಭಜಿ, ಕೆಂಪು ಚಟ್ನಿಯಂತಹ ಖಾರದ ತಿಂಡಿಯನ್ನು ಕಟ್ಟುನಿಟ್ಟಾಗಿ ದೂರವಿಡಬೇಕು, ಏಕೆಂದರೆ ಮದ್ಯಸಾರ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಆ ಉರಿಯಲ್ಲಿ ಬಿಯರಿನ ಗುಣದೋಷ ಎರಡೂ ಮುಚ್ಚಿಹೋಗುತ್ತವೆ. ನಡುನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು ಉಪ್ಪು ಎಳ್ಳು ಹಚ್ಚದ ಸಪ್ಪೆ ಕಡಕ್ ರೊಟ್ಟಿಯ ಚೂರು ಮತ್ತು ಸಾದಾ ನೀರು ಸಾಕು. ಪೇಟೆಯ ಬಿಸ್ಕತ್ತಿಗಿಂತ ಇದು ನಿಜಕ್ಕೂ ಉತ್ತಮ: ಇದರಲ್ಲಿ ಸಕ್ಕರೆಯಿಲ್ಲ, ಎಣ್ಣೆಯಿಲ್ಲ.

ಸುರಿದು ನೋಡುವುದು

ಗ್ಲಾಸನ್ನು ಓರೆಯಾಗಿ ಹಿಡಿದು ಸುರಿಯತೊಡಗಿ, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ ಎರಡು ಬೆರಳು ದಪ್ಪದ ನೊರೆ ಬರಿಸಬೇಕು. ಒಮ್ಮೆಗೆ 100 ಮಿಲಿಲೀಟರು ಸಾಕು. ಬಿಳಿ ಹಾಳೆಯ ಮುಂದೆ ಹಿಡಿದಾಗ ಬಣ್ಣ ಹೊಂಬಣ್ಣದಿಂದ ತಿಳಿ ತಾಮ್ರದವರೆಗೆ ಇರಬಹುದು. ತಿಳಿಯಾಗಿರುವುದೂ ಉಂಟು, ಡ್ರೈ ಹಾಪಿಂಗ್‌ನಿಂದ ತುಸು ಮಂಕಾಗಿರುವುದೂ ಉಂಟು; ಎರಡೂ ದೋಷವಲ್ಲ. ಹೊಂಬಣ್ಣದ್ದೆಂದು ಗೊತ್ತಿರುವ ಬಿಯರು ಕಂದಿದಂತೆ ಕಂಡರೆ ಆಮ್ಲಜನಕ ಒಳಹೊಕ್ಕಿದೆ ಎಂದು ಅನುಮಾನಿಸಬೇಕು. ನೊರೆ ಇಳಿಯುತ್ತ ಗಾಜಿನ ಒಳಮೈಗೆ ಉಂಗುರ ಉಂಗುರವಾಗಿ ಅಂಟಿಕೊಳ್ಳುವುದು ಒಳ್ಳೆಯ ಲಕ್ಷಣ, ಏಕೆಂದರೆ ಐಸೋ-ಆಲ್ಫಾ ಆಮ್ಲಗಳು ಮಾಲ್ಟಿನ ಪ್ರೋಟೀನಿನೊಂದಿಗೆ ಸೇರಿ ನೊರೆಯನ್ನು ಬಿಗಿಗೊಳಿಸುತ್ತವೆ.

ಮೂಸುವುದು

ನನ್ನ ಮಟ್ಟಿಗೆ ಪರೀಕ್ಷೆಯ ಅರ್ಧ ಭಾಗ ಇದೇ. ಬೇಗ ಹಾರಿಹೋಗುವ ಪರಿಮಳಗಳು ಮೊದಲ ನಿಮಿಷದಲ್ಲಿಯೇ ಸಿಗುವುದರಿಂದ ಸುರಿದ ಕೂಡಲೇ ಎರಡು ಮೂರು ಸಲ ಚಿಕ್ಕದಾಗಿ ಉಸಿರೆಳೆದು ಮೂಸಬೇಕು. ಆಮೇಲೆ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಮೆಲ್ಲಗೆ ಸುತ್ತಿಸಿ, ಕೈ ತೆಗೆದು ಮತ್ತೊಮ್ಮೆ ಮೂಸಬೇಕು. ಮೂಗು ದಣಿದಾಗ ನಿಮ್ಮದೇ ಅಂಗಿಯ ತೋಳನ್ನು ಮೂಸಿದರೆ ಮತ್ತೆ ಚುರುಕಾಗುತ್ತದೆ.

ಹೆಸರು ತೋಚದೆ ‘ಏನೋ ಹಣ್ಣಿನ ವಾಸನೆ’ ಎಂದು ನಿಲ್ಲುವವರೇ ಹೆಚ್ಚು. ಇದಕ್ಕೆ ಮದ್ದು ಸುಲಭ: ಹಿಂದಿನ ದಿನ ಖಡೇಬಜಾರಿನಿಂದ ಒಂದು ಚಕ್ಕೋತ, ಒಂದು ಕಿತ್ತಳೆ, ಒಂದು ಮಾಗಿದ ಪೇರಲ ತಂದು, ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿ ನೆನಪಿಟ್ಟುಕೊಳ್ಳುವುದು. ಕ್ಯಾಸ್ಕೇಡ್ ಎಂಬ ತಳಿ 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಚಕ್ಕೋತದ ಸಿಪ್ಪೆಯನ್ನು ನೆನಪಿಸುವ ಪರಿಮಳ ಅದರದು. ಸಿಟ್ರಾ ತಳಿಯಲ್ಲಿ ನಿಂಬೆಯ ಜತೆ ಆಪೂಸ್ ಮಾವಿನ ಕಂಪಿದೆ. ಸಿಮ್ಕೋ ತಳಿಯಲ್ಲಿ ಪೈನ್ ಮರದ ರಾಳ ಮುಂದೆ ಬರುತ್ತದೆ; ಪೈನ್ ಕಾಡು ಕಾಣದವರಿಗೆ ಲೋಬಾನದ ಹರಳನ್ನು ಹೊಗೆ ಹಾಕದೆ ಹಾಗೆಯೇ ಮೂಸಿದರೆ ಅಂದಾಜು ಸಿಗುತ್ತದೆ. ಮಾಲ್ಟಿನ ಬ್ರೆಡ್ಡಿನಂತಹ ವಾಸನೆ ಹಿಂದೆ ತೆಳುವಾಗಿ ಇರಬೇಕು, ಮುಂದೆ ನುಗ್ಗಬಾರದು.

ದೋಷಗಳೂ ಇಲ್ಲಿಯೇ ಸಿಕ್ಕಿಬೀಳುತ್ತವೆ. ಕೆಲವು ಹಾಪ್ಸ್ ತಳಿಗಳು, ಅದರಲ್ಲೂ ತಡವಾಗಿ ಕಟಾವಾದವು, ಉಳ್ಳಾಗಡ್ಡಿ ಬಳ್ಳೊಳ್ಳಿಯ ವಾಸನೆ ಕೊಡುತ್ತವೆ. ಬೇಯಿಸಿದ ಗೋವಿನಜೋಳದ ವಾಸನೆ ಬಂದರೆ ಮಾಲ್ಟ್ ರಸ ಸರಿಯಾಗಿ ಕುದಿದಿಲ್ಲದಿರಬಹುದು. ಬೆಣ್ಣೆಯ ವಾಸನೆಗೆ ಕಾರಣ ಡೈಅಸಿಟೈಲ್ ಎಂಬ ವಸ್ತು. ಹಾಪ್ಸ್‌ನಲ್ಲಿರುವ ಕಿಣ್ವಗಳು ಹುದುಗದೆ ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆಯಾಗಿ ಒಡೆದು, ಮುಗಿದ ಹುದುಗನ್ನು ಮತ್ತೆ ಎಬ್ಬಿಸುವುದರಿಂದ ಡ್ರೈ ಹಾಪಿಂಗ್ ಮಾಡಿದ ಬಿಯರಿನಲ್ಲಿ ಇದು ಅನಿರೀಕ್ಷಿತವಾಗಿ ತಲೆಯೆತ್ತುತ್ತದೆ. ಬೆಣ್ಣೆ ವಾಸನೆ ಮೂಗಿಗೆ ಬಂದ ಬಿಯರಿಗೆ ನಾನು ದಾಕ್ಷಿಣ್ಯ ತೋರುವುದಿಲ್ಲ.

ಸವಿಯುವುದು

ಒಂದು ಚಮಚಕ್ಕಿಂತ ಸ್ವಲ್ಪ ಹೆಚ್ಚು ಬಿಯರನ್ನು ಬಾಯಿಗೆ ತೆಗೆದುಕೊಂಡು, ನಾಲಿಗೆಯ ಎಲ್ಲ ಭಾಗಕ್ಕೂ ತಾಗುವಂತೆ ಎರಡು ಮೂರು ಸೆಕೆಂಡು ಇಟ್ಟುಕೊಂಡು ನುಂಗಬೇಕು. ಕಹಿ ನಾಲಿಗೆಯ ಹಿಂಭಾಗಕ್ಕೆ ಮಾತ್ರ ಗೊತ್ತಾಗುತ್ತದೆ ಎಂಬ ಶಾಲಾ ಪುಸ್ತಕದ ಚಿತ್ರ ತಪ್ಪು; ಆದರೂ ಕಹಿಯ ಕೊನೆಯ ಘಟ್ಟ ನುಂಗಿದ ಮೇಲೆಯೇ ಬರುವುದರಿಂದ ವೈನ್ ಪರೀಕ್ಷಕರಂತೆ ಉಗುಳಿದರೆ ಬಿಯರಿನ ತೀರ್ಪು ಅಪೂರ್ಣವಾಗುತ್ತದೆ. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟಾಗ ಹಾಪ್ಸ್ ಪರಿಮಳ ಎರಡನೆಯ ಸಲ ಬರುತ್ತದೆ.

ಆಮೇಲೆ ಅರ್ಧ ನಿಮಿಷ ಸುಮ್ಮನಿದ್ದು ಕಹಿಯನ್ನು ಹಿಂಬಾಲಿಸಬೇಕು. ಒಳ್ಳೆಯ ಡಬಲ್ ಐಪಿಎಯ ಕಹಿ ದಿಟ್ಟವಾಗಿ ಬಂದು, ಚಕ್ಕೋತದ ಒಳಪೊರೆ ಅಗಿದಾಗಿನ ಹಾಗೆ ನಿಂತು, ಬಾಯನ್ನು ಒಣಗಿಸಿ ಇಳಿದುಹೋಗುತ್ತದೆ, ಮತ್ತೊಂದು ಗುಟುಕು ಬೇಕೆನಿಸುತ್ತದೆ. ಕೆಟ್ಟ ಕಹಿ ನೀರಿಲ್ಲದೆ ನುಂಗಿದ ಜ್ವರದ ಮಾತ್ರೆ ಗಂಟಲಲ್ಲಿ ಕರಗಿದಂತೆ ಗೀರುತ್ತ ಅಲ್ಲಿಯೇ ಕೂರುತ್ತದೆ. ಹೊಸದಾಗಿ ತುಂಬಿದ ಮಂಕು ಬಿಯರಿನಲ್ಲಿ ಹಾಪ್ಸ್ ಕಣಗಳು ಉಳಿದಿದ್ದರೂ ಇಂತಹದೇ ಕೆರೆತ ಆಗುತ್ತದೆ. ಆ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಒಂದೆರಡು ವಾರ ನೆಟ್ಟಗೆ ನಿಲ್ಲಿಸಿಟ್ಟರೆ ಕಣಗಳು ತಳಕ್ಕಿಳಿದು ಕೆರೆತ ತಗ್ಗುವುದುಂಟು.

ಸಿಹಿಯನ್ನೂ ಗಮನಿಸಬೇಕು. ಮದ್ಯಸಾರ ಏರಿಸಲು ಮಾಲ್ಟನ್ನು ಹೆಚ್ಚು ಹಾಕಿ, ಹುದುಗು ಅದನ್ನು ಪೂರ್ತಿ ತಿನ್ನದಿದ್ದರೆ ಬಿಯರು ಕಾಕಂಬಿಯ ಕಡೆಗೆ ವಾಲುತ್ತದೆ. ಜಾಣ ತಯಾರಕರು ಮಾಲ್ಟಿನ ಒಂದಂಶದ ಬದಲು ಪೂರ್ತಿ ಹುದುಗಿಹೋಗುವ ಸಕ್ಕರೆಯನ್ನು ಸ್ವಲ್ಪ ಬಳಸಿ ಬಿಯರಿನ ಮಂದತನವನ್ನು ತಗ್ಗಿಸುತ್ತಾರೆ. ಮದ್ಯಸಾರ ಎದೆಯಲ್ಲಿ ಮೆಲ್ಲನೆ ಬೆಚ್ಚಗಾಗಬಹುದು. ಥಿನ್ನರ್‌ನಂತೆ ಮೂಗಿಗೆ ಹೊಡೆದರೆ ಹುದುಗುವಾಗ ಶಾಖ ಹತೋಟಿ ತಪ್ಪಿರಬಹುದು.

ಅಂಕ ಮತ್ತು ಅಳತೆ

ಬಿಜೆಸಿಪಿಯ 50 ಅಂಕಗಳ ಹಾಳೆ ಮನೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಸ್ಪರ್ಶಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ನೋಟಕ್ಕೆ ಮೂರೇ ಅಂಕ ಇರುವುದನ್ನು ಗಮನಿಸಿದರೆ, ಬಣ್ಣದ ಡಬ್ಬಿಗೆ ಮರುಳಾಗುವ ನಮ್ಮ ಚಟ ತುಸು ಕಡಿಮೆಯಾದೀತು. ಒಬ್ಬೊಬ್ಬರೂ ಬರೆದು ಮುಗಿಸುವವರೆಗೆ ಮಾತಾಡಬಾರದು, ಏಕೆಂದರೆ ಗುಂಪಿನಲ್ಲಿ ಒಬ್ಬರು ‘ಮಾವು’ ಎಂದರೆ ಎಲ್ಲರ ಮೂಗಿಗೂ ಮಾವೇ ಬರುತ್ತದೆ. ಹಲವು ಬಿಯರುಗಳಿದ್ದರೆ ಕಹಿ ಕಡಿಮೆಯದರಿಂದ ಹೆಚ್ಚಿನದಕ್ಕೆ ಸಾಗಬೇಕು; ಮೂರಕ್ಕಿಂತ ಹೆಚ್ಚು ಬೇಡ.

ಶೇಕಡ 8ರ 500 ಮಿಲಿಲೀಟರ್ ಡಬ್ಬಿಯಲ್ಲಿ ಸುಮಾರು 32 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ, ಅಂದರೆ ಶೇಕಡ 5ರ 330 ಮಿಲಿಲೀಟರಿನ ಎರಡೂವರೆ ಬಾಟಲಿಯಷ್ಟು. ಹಾಗಾಗಿ ಒಂದು ಡಬ್ಬಿಯನ್ನು ಮೂರು ನಾಲ್ಕು ಜನ ಹಂಚಿಕೊಳ್ಳುವುದೇ ಸರಿಯಾದ ಕ್ರಮ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧವಾದ್ದರಿಂದ ಗಾಡಿಯ ಕೀಲಿಯನ್ನು ಆ ದಿನ ಮುಟ್ಟಬಾರದು. 21 ತುಂಬದವರಿಗೆ ಈ ಕೂಟದಲ್ಲಿ ಜಾಗವಿಲ್ಲ.

ನಾಲಿಗೆ ಒಂದಿಷ್ಟು ಪಳಗಿದ ಮೇಲೆ ಮಾಡಬೇಕಾದ ಅಭ್ಯಾಸವೊಂದಿದೆ. ಒಂದೇ ದಿನಾಂಕದ ಎರಡು ಡಬ್ಬಿ ಕೊಂಡು, ಒಂದನ್ನು ಫ್ರಿಜ್ಜಿನಲ್ಲಿಯೂ ಇನ್ನೊಂದನ್ನು ಅಡುಗೆಮನೆಯ ಮಾಡದಲ್ಲಿಯೂ ಮೂರು ವಾರ ಇಡಬೇಕು. ಆಮೇಲೆ ಎರಡನ್ನೂ ಒಂದೇ ತಂಪಿಗೆ ತಂದು, ಯಾವುದು ಯಾವುದೆಂದು ತಿಳಿಯದಂತೆ ಮನೆಯವರಿಂದ ಸುರಿಸಿಕೊಂಡು ಮೂಸಬೇಕು. ಹಣ್ಣಿನ ಕಂಪು ಯಾವ ಗ್ಲಾಸಿನಲ್ಲಿ ಇಳಿದಿದೆ, ಜೇನು ಮತ್ತು ರಟ್ಟಿನ ವಾಸನೆ ಯಾವುದರಲ್ಲಿ ಎದ್ದಿದೆ, ಕಹಿ ಯಾವುದರಲ್ಲಿ ಒರಟಾಗಿದೆ ಎಂಬುದನ್ನು ಮೊದಲು ಬರೆದಿಟ್ಟು, ಬಳಿಕ ಡಬ್ಬಿಗಳ ಗುರುತು ಕೇಳಬೇಕು.