ಯುದ್ಧ ಮಾಡದೆ ಗ್ಯಾಲಕ್ಸಿ ಗೆಲ್ಲುವುದು ಹೇಗೆ?

ಬಾಹ್ಯಾಕಾಶದ ದೊಡ್ಡ ಸ್ಟ್ರಾಟಜಿ ಗೇಮ್‌ಗಳನ್ನು ‘4ಎಕ್ಸ್’ ಎಂದು ಕರೆಯುತ್ತಾರೆ. ಹುಡುಕುವುದು, ಹರಡುವುದು, ದುಡಿಸಿಕೊಳ್ಳುವುದು, ನಿರ್ನಾಮ ಮಾಡುವುದು: ಇವುಗಳ ಇಂಗ್ಲಿಷ್ ಪದಗಳಲ್ಲಿರುವ ನಾಲ್ಕು ಎಕ್ಸ್‌ಗಳಿಂದ ಹುಟ್ಟಿದ ಹೆಸರು ಇದು. 1993ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಬಗ್ಗೆ ಬರೆಯುವಾಗ ಗೇಮ್ ಪತ್ರಕರ್ತ ಆಲನ್ ಎಮ್ರಿಚ್ ಇದನ್ನು ಬಳಕೆಗೆ ತಂದರು. ಆದರೆ ಅದೇ ಗೇಮ್‌ನಲ್ಲಿ ಯಾರನ್ನೂ ನಿರ್ನಾಮ ಮಾಡದೆ, ವೋಟಿನಿಂದಲೇ ಗೆಲ್ಲಬಹುದು. ನನಗೆ ಈ ಗೇಮ್‌ಗಳು ಇಷ್ಟವಾಗಿದ್ದೇ ಆ ಕಾರಣಕ್ಕೆ.

ಮೊದಲು ಸೆಟ್ಟಿಂಗ್ ನೋಡಿ. ಯಾವ ಯಾವ ರೀತಿಯ ಗೆಲುವಿಗೆ ಅವಕಾಶ ಇದೆ ಅಂತ ಹೆಚ್ಚಿನ ಗೇಮ್‌ಗಳು ಆಟಕ್ಕೆ ಮುಂಚೆಯೇ ತೋರಿಸುತ್ತವೆ. ಅದರಲ್ಲಿ ಒಂದನ್ನು ಆಗಲೇ ಆರಿಸಿಕೊಳ್ಳಿ. ಅರ್ಧ ಆಟ ಆದಮೇಲೆ ಶಾಂತಿಯ ದಾರಿ ಹಿಡಿಯೋಣ ಅಂದರೆ ಕಷ್ಟ. ಅಷ್ಟು ಹೊತ್ತಿಗೆ ಅಕ್ಕಪಕ್ಕದವರೆಲ್ಲ ಮುನಿಸಿಕೊಂಡಿರುತ್ತಾರೆ.

ಆಮೇಲೆ ಜನಾಂಗ. ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ಮನುಷ್ಯರು ಮಾತುಕತೆ, ವ್ಯಾಪಾರದಲ್ಲಿ ಮುಂದು. ಸೈಲಾನ್ ಎಂಬ ಅನ್ಯಗ್ರಹ ಜೀವಿಗಳು ಸಂಶೋಧನೆಯಲ್ಲಿ ಮುಂದು. ನಿಮ್ಮ ದಾರಿಗೆ ಹೊಂದುವವರನ್ನು ತೆಗೆದುಕೊಳ್ಳಿ, ಅಷ್ಟೇ.

ಆಟ ಶುರುವಾದಮೇಲೆ ಸುಮ್ನೆ ಕೂರಬೇಡಿ. ಶಾಂತಿಯಿಂದ ಗೆಲ್ಲುವವರಿಗೂ ಗ್ರಹಗಳು ಬೇಕು, ಜನ ಬೇಕು. ಖಾಲಿ ಗ್ರಹಗಳು ಇರುವಾಗಲೇ ಹರಡಿಕೊಳ್ಳಿ. ಆಮೇಲೆ ಜಾಗ ಬೇಕೆಂದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಬೇಕಾಗುತ್ತದೆ.

ಈಗ ನಿಜವಾದ ಕೆಲಸ: ಸ್ನೇಹ. ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ಗ್ಯಾಲಕ್ಸಿಯ ನಾಯಕನನ್ನು ಆರಿಸಲು ಎಲ್ಲ ಜನಾಂಗಗಳ ಸಭೆ ಸೇರುತ್ತದೆ, ಅಲ್ಲಿ ಜನಸಂಖ್ಯೆಗೆ ತಕ್ಕ ಹಾಗೆ ವೋಟು. ಸ್ಪರ್ಧೆ ಇಬ್ಬರ ನಡುವೆ ಮಾತ್ರ, ಗೆಲ್ಲಲು ಒಟ್ಟು ವೋಟಿನ ಮೂರನೇ ಎರಡು ಭಾಗ ಬೇಕು. ಅಂದರೆ ಲೆಕ್ಕ ಎರಡು. ಒಂದು, ಆ ಇಬ್ಬರಲ್ಲಿ ನೀವೊಬ್ಬರಾಗುವಷ್ಟು ದೊಡ್ಡದಾಗಿ ಬೆಳೆಯಬೇಕು. ಇನ್ನೊಂದು, ಉಳಿದವರಿಗೆ ಎದುರಾಳಿಗಿಂತ ನೀವೇ ವಾಸಿ ಅನ್ನಿಸಬೇಕು. ಇದಕ್ಕೆ ವ್ಯಾಪಾರ ಒಪ್ಪಂದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆ ಗೇಮ್‌ನಲ್ಲಿ ವ್ಯಾಪಾರ ಶುರುವಿನಲ್ಲಿ ನಷ್ಟ ತೋರಿಸುತ್ತದೆ, ಲಾಭ ವರ್ಷ ಕಳೆದ ಹಾಗೆ ಏರುತ್ತದೆ. ನಷ್ಟ ನೋಡಿ ಒಪ್ಪಂದ ಮುರಿಯಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಮುಂದಿನ ಸಭೆಯಲ್ಲಿ ಸಿಗಬೇಕಿದ್ದ ವೋಟು ಕಳೆದುಕೊಂಡೆ. ಹೊಸಬರು ಪರಿಚಯವಾದ ಕೂಡಲೇ ಚಿಕ್ಕದಾದರೂ ಸರಿ, ಒಂದು ಒಪ್ಪಂದ ಮಾಡಿಕೊಳ್ಳಿ. ಇಬ್ಬರು ಸ್ನೇಹಿತರು ಪರಸ್ಪರ ಕಾದಾಡಿದರೆ ಯಾರ ಕಡೆಗೂ ಆತುರದಲ್ಲಿ ಸೇರಬೇಡಿ.

2016ರ ‘ಸ್ಟೆಲ್ಲಾರಿಸ್’ನಲ್ಲಿ ಲೆಕ್ಕ ಬೇರೆ. ಆಟ 2200ನೇ ಇಸವಿಯಲ್ಲಿ ಶುರುವಾಗುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ 2500ರಲ್ಲಿ ಯಾರ ಅಂಕ ಜಾಸ್ತಿಯೋ ಅವರೇ ಗೆದ್ದ ಹಾಗೆ. ಜನಸಂಖ್ಯೆ, ಆರ್ಥಿಕತೆ, ತಂತ್ರಜ್ಞಾನ ಎಲ್ಲಕ್ಕೂ ಅಂಕವಿದೆ. ಒಳ್ಳೆಯ ಒಕ್ಕೂಟ ಕಟ್ಟಿದರೆ ಜೊತೆಗಾರರ ಅಂಕದ ಒಂದು ಪಾಲು ನಿಮಗೂ ಬರುತ್ತದೆ. ಅವರು ಬೆಳೆದರೆ ಹೊಟ್ಟೆಕಿಚ್ಚು ಪಡಬೇಕಿಲ್ಲ ಅಲ್ವಾ?

ಸಂಸ್ಕೃತಿಯ ದಾರಿ ನನಗೆ ತುಂಬಾ ಮೆಚ್ಚುಗೆ. ‘ಗ್ಯಾಲಾಕ್ಟಿಕ್ ಸಿವಿಲೈಸೇಷನ್ಸ್ 2’ರಲ್ಲಿ ನಿಮ್ಮ ಪ್ರಭಾವ ಗಡಿ ದಾಟಿ ಹರಿಯುತ್ತದೆ. ಅದರ ಒತ್ತಡ ಹೆಚ್ಚಾದಾಗ ಬೇರೆಯವರ ಗ್ರಹ ದಂಗೆಯೆದ್ದು ತಾನಾಗಿ ನಿಮ್ಮ ಕಡೆಗೆ ಸೇರುತ್ತದೆ. ಪ್ರಭಾವ ಹೆಚ್ಚಿಸುವ ಅಂತರಿಕ್ಷ ನೆಲೆಗಳನ್ನು ರಾಜಧಾನಿಯ ಹತ್ತಿರ ಕಟ್ಟಬೇಡಿ, ಗಡಿಯಲ್ಲಿ ಕಟ್ಟಿ. ಫಲ ಕಾಣಲು ಹೊತ್ತು ಹಿಡಿಯುತ್ತದೆ. ಮೊದಲ ಗ್ರಹ ಹಾಗೆ ಬಂದು ಸೇರಿದಾಗ ಆಗುವ ಖುಷಿ ಯಾವ ಯುದ್ಧ ಗೆದ್ದರೂ ನನಗೆ ಸಿಕ್ಕಿಲ್ಲ.

ವಿಜ್ಞಾನದ ದಾರಿ ಸರಳ: ಸಂಶೋಧನೆಗೆ ಹಣ ಸುರಿಯಿರಿ, ತಂತ್ರಜ್ಞಾನದ ಪಟ್ಟಿಯ ಕೊನೆ ಮುಟ್ಟಿ. ಬೇಜಾರಾಗಬಹುದು, ಅದಕ್ಕೇ ಇದನ್ನು ಚಿಕ್ಕ ಮ್ಯಾಪ್‌ನಲ್ಲಿ ಆಡಿ.

ಸೈನ್ಯವೇ ಬೇಡ ಅಂತ ಮಾತ್ರ ಅಂದುಕೊಳ್ಳಬೇಡಿ. ಕಂಪ್ಯೂಟರ್ ಎದುರಾಳಿಗಳು ನಿಮ್ಮ ಬಲ ಅಳೆಯುತ್ತಲೇ ಇರುತ್ತಾರೆ. ಬರಿಗೈಯಲ್ಲಿರುವವರ ಮೇಲೆ ಮೊದಲು ಬೀಳುತ್ತಾರೆ. ಎಲ್ಲ ಗ್ರಹಕ್ಕೂ ಕಾವಲು ಹಾಕಲು ಹೋದರೆ ದುಡ್ಡು ಮುಗಿಯುತ್ತದೆ. ‘ಸ್ಟೆಲ್ಲಾರಿಸ್’ನಲ್ಲಿ ನಕ್ಷತ್ರಗಳ ನಡುವಿನ ದಾರಿಗಳು ಗೊತ್ತುಪಡಿಸಿದಂಥವು. ನಿಮ್ಮ ನಾಡಿಗೆ ಬರುವ ದಾರಿಗಳೆಲ್ಲ ಕೂಡುವ ನಕ್ಷತ್ರ ಹುಡುಕಿ, ಅಲ್ಲೊಂದು ಗಟ್ಟಿ ನೆಲೆ ಕಟ್ಟಿ.

ಈ ಕಾವಲು ಕೊನೆಯ ಹಂತದಲ್ಲಿ ಇನ್ನೂ ಮುಖ್ಯ. 1999ರ ‘ಆಲ್ಫಾ ಸೆಂಟಾರಿ’ ಬೇರೆ ನಕ್ಷತ್ರದ ಗ್ರಹವೊಂದರಲ್ಲಿ ನಡೆಯುವ ಆಟ. ಅಲ್ಲಿ ಇಂಧನ ಮಾರುಕಟ್ಟೆಯನ್ನು ಪೂರ್ತಿ ಕೈವಶ ಮಾಡಿಕೊಂಡು ಗೆಲ್ಲಬಹುದು. ಹಣ ಕಟ್ಟಿದಮೇಲೆ 20 ಟರ್ನ್ (ಆಟದ ಸರದಿ) ಕಾಯಬೇಕು. ಅಷ್ಟರಲ್ಲಿ ನಿಮ್ಮ ಮುಖ್ಯ ಕೇಂದ್ರ ಶತ್ರುವಿನ ಪಾಲಾದರೆ ಹಣವೂ ಹೋಯಿತು, ಗೆಲುವೂ ಹೋಯಿತು. ಹಾಗಾಗಿ ಹಣ ಕಟ್ಟುವ ಮುಂಚೆ ಕೇಂದ್ರದ ಕಾವಲು ದುಪ್ಪಟ್ಟು ಮಾಡಿ.

ಸೈನ್ಯದ ತಲೆನೋವೇ ಬೇಡ ಅನ್ನುವವರು 2016ರ ‘ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ’ಯಿಂದ ಶುರು ಮಾಡಿ. ಮಂಗಳ ಗ್ರಹದಲ್ಲಿ ನಡೆಯುವ ಈ ಆಟದಲ್ಲಿ ಸೈನ್ಯವೇ ಇಲ್ಲ. ನೀರು, ಕಬ್ಬಿಣ, ಆಮ್ಲಜನಕದ ಬೆಲೆ ಬೇಡಿಕೆಗೆ ತಕ್ಕ ಹಾಗೆ ಏರಿಳಿಯುತ್ತದೆ. ಎದುರಾಳಿಗಳ ಷೇರು ಕೊಂಡು ಅವರ ಕಂಪನಿಯನ್ನೇ ನಿಮ್ಮದಾಗಿಸಿಕೊಂಡರೆ ಗೆಲುವು. ಆದರೆ ಕೈಯಲ್ಲಿ ಸ್ವಲ್ಪ ಹಣ ಸೇರಿದ ಕೂಡಲೇ ಮೊದಲು ನಿಮ್ಮದೇ ಷೇರು ಕೊಂಡಿಟ್ಟುಕೊಳ್ಳಿ. ಅವರೂ ನಿಮ್ಮ ಷೇರಿನ ಮೇಲೆ ಕಣ್ಣಿಟ್ಟಿರುತ್ತಾರೆ.