ಮೂವತ್ತನಾಲ್ಕು ಸಲ ಅಳಿಸಿ ಬರೆದ ಎಳನೀರಿನ ಲೆಕ್ಕ

ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ಎಂದರೇನು, ಯಾವ ವಿಳಾಸಕ್ಕೆ ಯಾವ ಕೋಡ್ ಎಂದು ಹೇಳುವ ರೂಟ್ ಎಂದರೇನು, ಬಂದ ಕೋರಿಕೆಯನ್ನು ನಡುವೆ ತಡೆದು ನೋಡುವ ಮಿಡಲ್‌ವೇರ್‌ಗಳನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಅದೆಲ್ಲ ಗೊತ್ತಿದ್ದೂ ಖಾಲಿ ಫೋಲ್ಡರ್ ಮುಂದೆ ಕೈಕಟ್ಟಿ ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚುಕಡಿಮೆ ಎರಡು ವರ್ಷ ನಾನೂ ಹಾಗೆಯೇ ಕುಳಿತಿದ್ದೆ.

ಡಿಪ್ಲೊಮಾ ಮುಗಿಸಿ ಮಂಡ್ಯದಲ್ಲೇ ಇದ್ದೆ. ಕಬ್ಬಿನ ಬಿಲ್ ಬಂದ ವಾರವೇ ಅಪ್ಪನಿಂದ ₹38 ಸಾವಿರ ಇಸಿದುಕೊಂಡು ಮೈಸೂರಿನ ಒಂದು ತರಬೇತಿ ಸಂಸ್ಥೆಗೆ ಕಟ್ಟಿದೆ. ಬೆಳಗಿನ ರೈಲಿಗೆ ಹೋಗುವುದು, ಸಂಜೆಯ ರೈಲಿಗೆ ಬರುವುದು. ಮೇಷ್ಟ್ರು ಪರದೆಯ ಮೇಲೆ ಬರೆಯುತ್ತಿದ್ದರು, ನಾವು ನೋಡಿಕೊಂಡು ಒತ್ತುತ್ತಿದ್ದೆವು. ಅವರದೂ ಓಡುತ್ತಿತ್ತು, ನಮ್ಮದೂ ಓಡುತ್ತಿತ್ತು. ಮನೆಗೆ ಬಂದು ಅದನ್ನೇ ಬರೆಯಲು ಕುಳಿತರೆ ನಾಲ್ಕನೇ ಸಾಲಿಗೆ ಕೈ ನಿಲ್ಲುತ್ತಿತ್ತು. ಬೆಂಗಳೂರಿನಲ್ಲಿ ಏಳೋ ಎಂಟೋ ಸಂದರ್ಶನ ಕೊಟ್ಟೆ. ಒಂದು ಕಡೆ ಬರೀ ಲಾಗಿನ್ ಬರೆದು ತೋರಿಸು ಎಂದರು. ಬರೆಯಲಾಗಲಿಲ್ಲ. ಬಸ್ ಖರ್ಚು, ಊಟ ಎಲ್ಲ ಸೇರಿ ಇನ್ನೊಂದು ಆರು ಸಾವಿರ ಹೋಯಿತು.

ಆಮೇಲೆ ಹಿಡಿದದ್ದು ಈ ದಾರಿ. ಬೆಳಿಗ್ಗೆ ಐದಕ್ಕೆ ಎದ್ದು, ಖಾಲಿ ಫೋಲ್ಡರ್‌ನಲ್ಲಿ, ಯಾವ ವಿಡಿಯೊವನ್ನೂ ನೋಡದೆ, ಹಳೆಯ ಕೋಡ್ ತೆರೆಯದೆ, ಒಂದೇ ಒಂದು ಎಪಿಐಯನ್ನು (ಮೊಬೈಲ್ ಕೇಳಿದ ಮಾಹಿತಿಯನ್ನು ಕೊಡುವ, ಕಳಿಸಿದ್ದನ್ನು ಇಟ್ಟುಕೊಳ್ಳುವ ಸರ್ವರ್ ಕೋಡ್) ಮೊದಲಿನಿಂದ ಕೊನೆಯವರೆಗೆ ಬರೆಯುವುದು. ಅಧಿಕೃತ ದಾಖಲೆಯ ಪುಟ ಮಾತ್ರ ನೋಡಬಹುದು. ರಾತ್ರಿ ಅದನ್ನು ಪೂರ್ತಿ ಅಳಿಸುವುದು. ಮರುದಿನ ಅದನ್ನೇ ಮತ್ತೆ ಬರೆಯುವುದು, ಒಂದೇ ಒಂದು ಅಂಶ ಬದಲಾಯಿಸಿ. ಬೆಂಗಳೂರಿನ ಗೆಳೆಯ ನಕ್ಕ. ‘ಅಳಿಸುವುದಕ್ಕೇ ಬರೆಯುತ್ತೀಯಲ್ಲ, ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು’ ಎಂದ. ಅವನ ತಪ್ಪಲ್ಲ. ಮೊದಲ ದಿನ ನನಗೆ ಹಿಡಿದದ್ದು ಒಂಬತ್ತು ಗಂಟೆ, ಅದೂ ಪಾಸ್‌ವರ್ಡ್ ಹ್ಯಾಶ್ ಮಾಡುವುದನ್ನು, ಅಂದರೆ ಮರಳಿ ಓದಲಾಗದಂತೆ ಬದಲಿಸಿಡುವುದನ್ನು, ಬಿಟ್ಟು. ಹತ್ತನೇ ಸಲಕ್ಕೆ ನಾಲ್ಕು ಗಂಟೆಗೆ ಇಳಿಯಿತು. ಮೂವತ್ತನಾಲ್ಕನೇ ಸಲ ಐವತ್ತು ನಿಮಿಷ. ಅವತ್ತು ಅಳಿಸಲಿಲ್ಲ.

ಬರೆಯುತ್ತಿದ್ದ ಎಪಿಐ ಯಾವುದು ಎಂಬುದೂ ಮುಖ್ಯ. ಎಲ್ಲರೂ ಅಭ್ಯಾಸಕ್ಕೆಂದು ಕಟ್ಟುವ ‘ಕೆಲಸಗಳ ಪಟ್ಟಿ’ಯನ್ನು (ಟು-ಡು ಲಿಸ್ಟ್) ನಾನು ಮುಟ್ಟಲಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನಮ್ಮ ದೊಡ್ಡಮಾವನದೊಂದು ಮಂಡಿ ಇದೆ. ಯಾವ ರೈತ ಎಷ್ಟು ಕಾಯಿ ತಂದ, ಯಾವ ದರ, ಮುಂಗಡ ಎಷ್ಟು ಹೋಗಿದೆ, ಬಾಕಿ ಎಷ್ಟು, ಯಾವ ಲಾರಿಗೆ ಎಷ್ಟು ತುಂಬಿತು, ಇದಿಷ್ಟನ್ನೂ ಗುಮಾಸ್ತರು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಕಟ್ಟಿದ್ದು ಆ ಪುಸ್ತಕವನ್ನು. ಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡಲು ಪುಸ್ತಕ ಎದುರಿಗೇ ಇತ್ತು.

‘ಮಾವ, ಒಂದು ತಿಂಗಳು ಪುಸ್ತಕವೂ ಇರಲಿ, ನನ್ನದೂ ಇರಲಿ’ ಎಂದು ಕೇಳಿದೆ. ‘ನಿನ್ನದು ಕೈಕೊಟ್ಟರೆ ರೈತರಿಗೆ ನಾನು ಏನು ಹೇಳಲಿ?’ ಎಂದರು. ಆದರೂ ಒಪ್ಪಿದರು. ನನ್ನದು ಕೈಕೊಟ್ಟಿತು.

ಮೊದಲು ಉಚಿತ ಹೋಸ್ಟಿಂಗ್‌ನಲ್ಲಿ ಇಟ್ಟಿದ್ದೆ. ಸ್ವಲ್ಪ ಹೊತ್ತು ಯಾರೂ ಕರೆಯದಿದ್ದರೆ ಅದು ಮಲಗಿಬಿಡುತ್ತದೆ, ಎಬ್ಬಿಸಲು ಮುಕ್ಕಾಲು ನಿಮಿಷ ಬೇಕು. ರೈತ ಟೆಂಪೊ ನಿಲ್ಲಿಸಿಕೊಂಡು ಕಾಯುತ್ತಿರುವಾಗ ಮುಕ್ಕಾಲು ನಿಮಿಷ ಎಂದರೆ ಬಹಳ. ಗುಮಾಸ್ತರು ತಾಳ್ಮೆಗೆಟ್ಟು ಗುಂಡಿಯನ್ನು ಎರಡು, ಮೂರು ಸಲ ಒತ್ತಿದರು. 400 ಕಾಯಿ 1,200 ಆಯಿತು. ಆ ವಾರ ನನ್ನ ಲೆಕ್ಕದಲ್ಲಿ ₹20 ಸಾವಿರಕ್ಕೂ ಮೇಲೆ ಹೆಚ್ಚು ತೋರಿಸಿತು. ತಿಂಗಳಿಗೆ ₹450ರಷ್ಟು ಕೊಟ್ಟು 1 ಜಿಬಿಯ ಸಣ್ಣ ಸರ್ವರ್ ಬಾಡಿಗೆಗೆ ಹಿಡಿದದ್ದು ಅವತ್ತೇ. ನಿಜವಾದ ಔಷಧಿ ಮಾತ್ರ ಬೇರೆ. ಚೀಟಿ ತೆರೆದ ಕೂಡಲೇ ಮೊಬೈಲ್ ಒಂದು ಸಂಖ್ಯೆ ಹುಟ್ಟಿಸುತ್ತದೆ, ಆ ಕಾಲಮ್ಮಿನ ಮೇಲೆ ಡೇಟಾಬೇಸ್‌ನಲ್ಲಿ ಯುನೀಕ್ ಇಂಡೆಕ್ಸ್ ಇದೆ, ಅಂದರೆ ಒಂದೇ ಸಂಖ್ಯೆ ಎರಡು ಸಲ ಸೇರುವಂತಿಲ್ಲ. ಎಷ್ಟು ಸಲ ಒತ್ತಿದರೂ ಮೊದಲ ಚೀಟಿಯೇ ಮರಳಿ ಬರುತ್ತದೆ.

ಎರಡನೆಯ ಏಟು ಸೊಗಸಾಗಿತ್ತು. ಪುಸ್ತಕದಲ್ಲಿ ಮಂಗಳವಾರ ಎಂದಿರುವ ಹನ್ನೊಂದು ಚೀಟಿ ನನ್ನಲ್ಲಿ ಸೋಮವಾರಕ್ಕೆ ಹೋಗಿದ್ದವು. ಹನ್ನೊಂದು ಮಾತ್ರ, ಮಿಕ್ಕವು ಸರಿ. ಎರಡು ರಾತ್ರಿ ಕೋಡ್ ಕೆದಕಿದೆ. ಕೊನೆಗೆ ಚೀಟಿಗಳ ಸಮಯವನ್ನು ಸಾಲಾಗಿ ಬರೆದುಕೊಂಡಾಗ ಕಂಡಿತು: ಕೊನೆಯ ತಪ್ಪು ಚೀಟಿ ಬೆಳಗಿನ ಐದೂ ಇಪ್ಪತ್ತರದು, ಮೊದಲ ಸರಿ ಚೀಟಿ ಐದೂ ಮುಕ್ಕಾಲರದು. ನಾನು ತಾರೀಖನ್ನು ಐಎಸ್ಒ ರೂಪಕ್ಕೆ (ವರ್ಷ-ತಿಂಗಳು-ದಿನ, ಆಮೇಲೆ ಸಮಯ) ತಿರುಗಿಸಿ ಮೊದಲ ಹತ್ತು ಅಕ್ಷರ ಕತ್ತರಿಸುತ್ತಿದ್ದೆ. ಅದು ಕೊಡುವುದು ಯುಟಿಸಿ, ಅಂದರೆ ಜಾಗತಿಕ ಕಾಲಮಾನದ ತಾರೀಖು. ನಾವು ಐದೂವರೆ ಗಂಟೆ ಮುಂದೆ. ಹತ್ತು ಗಂಟೆಗೆ ತೆರೆಯುವ ಕಚೇರಿಯಲ್ಲಾಗಿದ್ದರೆ ಈ ತಪ್ಪು ಜನ್ಮದಲ್ಲಿ ಸಿಕ್ಕಿಬೀಳುತ್ತಿರಲಿಲ್ಲ. ಈಗ ಸಮಯವನ್ನು ಯುಟಿಸಿಯಲ್ಲೇ ಇಟ್ಟು, ‘ವ್ಯವಹಾರದ ದಿನ’ ಎಂಬ ಬೇರೆ ಕಾಲಮ್ಮನ್ನು ಕೋಲ್ಕತ್ತ ಸಮಯದಲ್ಲಿ, ಅಂದರೆ ನಮ್ಮ ಭಾರತದ ಸಮಯದಲ್ಲಿ, ತುಂಬುತ್ತೇನೆ.

ಮೂರನೆಯದು ಎಲ್ಲರಿಗೂ ಆಗುವಂಥದ್ದು. ನೋಡ್‌ನಲ್ಲಿ ಎಪಿಐ ಕಟ್ಟಲು ಬಳಸುವ ಎಕ್ಸ್‌ಪ್ರೆಸ್ ಎಂಬ ಲೈಬ್ರರಿಯ 2014ರಲ್ಲಿ ಬಂದ 4ನೇ ಆವೃತ್ತಿಯಲ್ಲಿ ಅಸಿಂಕ್ ಹ್ಯಾಂಡ್ಲರ್ (ಡೇಟಾಬೇಸ್‌ನಂಥದ್ದರ ಉತ್ತರಕ್ಕೆ ಕಾಯುವ ಕೋಡ್) ಒಳಗೆ ತಪ್ಪು ಸಿಡಿದರೆ ಅದು ತಾನಾಗಿ ಎರರ್ ಹ್ಯಾಂಡ್ಲರ್‌ಗೆ ಹೋಗುವುದಿಲ್ಲ. ನೋಡ್ 15ರಿಂದ ಈಚೆಗೆ ಹೀಗೆ ಯಾರೂ ಹಿಡಿಯದ ತಪ್ಪು (ರಿಜೆಕ್ಷನ್) ಬಂದರೆ ಪ್ರಕ್ರಿಯೆಯೇ ಸತ್ತುಹೋಗುತ್ತದೆ. ಡೇಟಾಬೇಸ್ ಒಮ್ಮೆ ಸೀನಿತು, ನನ್ನ ಸರ್ವರ್ ನೆಗೆದುಬಿತ್ತು. ಮತ್ತೆ ಎಬ್ಬಿಸುವ ಯಾವ ಮ್ಯಾನೇಜರನ್ನೂ ಇಟ್ಟಿರಲಿಲ್ಲ. ಬೆಳಗಿನ ಜಾವ ಮಾವ ಫೋನ್ ಮಾಡಿ ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ಹ್ಯಾಂಡ್ಲರ್‌ಗೂ ಒಂದು ಹೊದಿಕೆ ಹೊದಿಸಿ ತಿಂಗಳುಗಟ್ಟಲೆ ಓಡಿಸಿದೆ. 2024ರಲ್ಲಿ ಎಕ್ಸ್‌ಪ್ರೆಸ್ 5 ಬಂತು, ಅದು ಈ ಕೆಲಸವನ್ನು ತಾನೇ ಮಾಡುತ್ತದೆ. ಹೊದಿಕೆಗಳನ್ನೆಲ್ಲ ಕಿತ್ತುಹಾಕಿದ ದಿನ ಹಬ್ಬದಂತಿತ್ತು.

ದುಡ್ಡನ್ನು ಪೈಸೆಯಾಗಿ ಪೂರ್ಣಾಂಕದಲ್ಲಿ ಇಡಿ. 0.1ಕ್ಕೆ 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಸರಿಯಾಗಿ 0.3 ಕೊಡದಿರುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನಡುವೆ ಒಂದು ಅಡ್ಡದಾರಿ ಹಿಡಿದೆ, ಅದರಿಂದಲೇ ಹೆಚ್ಚು ಕಲಿತೆ. ಗುಮಾಸ್ತರ ಮೊಬೈಲ್‌ನಲ್ಲಿ ಕನ್ನಡ ಕೀಲಿಮಣೆ. ಅವರು ೪೦೦ ಎಂದು ಒತ್ತಿದರೆ ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆಯೇ ಅಲ್ಲ, ಅಂಕಿ ಹುಡುಕುವ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಕೂಡ ಅದನ್ನು ಗುರುತಿಸುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆ 0ಸಿಇ6ರಲ್ಲಿ ಕುಳಿತಿದೆ, ಒತ್ತಿದ ಅಂಕಿಯ ಸಂಖ್ಯೆಯಿಂದ ಅದನ್ನು ಕಳೆದರೆ ಅಂಕಿ ಸಿಗುತ್ತದೆ. ಮೂರು ಸಾಲಿನ ಕೆಲಸ. ಹೆಸರುಗಳದು ಮೂರು ಸಾಲಿಗೆ ಮುಗಿಯುವ ಕೆಲಸವಲ್ಲ. ಇಪ್ಪತ್ತು ಅಕ್ಷರದ ಮಿತಿ ಇಟ್ಟಿದ್ದೆ, ಅರ್ಧ ಮಂಡ್ಯ ಜಿಲ್ಲೆ ಹೊರಗುಳಿಯಿತು. ‘ಶ್ರೀ’ ಎಂಬ ಒಂದು ಅಕ್ಷರವನ್ನೇ ಜಾವಾಸ್ಕ್ರಿಪ್ಟ್ ನಾಲ್ಕು ಎಂದು ಎಣಿಸುತ್ತದೆ, ಇನ್ನು ಊರು, ತಂದೆಯ ಹೆಸರು ಸೇರಿದರೆ ಕೇಳಬೇಕೆ? ಅದಕ್ಕಿಂತ ದೊಡ್ಡ ಫಜೀತಿ ಕಾಗುಣಿತದ್ದು. ಸಿದ್ದೇಗೌಡರು ಒಂದು ದಿನ ಸಿದ್ಧೇಗೌಡರು, ಚನ್ನಪ್ಪ ಮರುದಿನ ಚೆನ್ನಪ್ಪ. ಒಬ್ಬರೇ ರೈತರಿಗೆ ಎರಡು ಖಾತೆ, ಮುಂಗಡ ಒಂದರಲ್ಲಿ, ಬಾಕಿ ಇನ್ನೊಂದರಲ್ಲಿ. ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ ಇಳಿಸಿ, ಇಂಥ ಸ್ವರಗಳನ್ನು ಒಂದು ಮಾಡಿ, ಹುಡುಕಾಟಕ್ಕೆಂದೇ ಗುಟ್ಟಿನ ಕಾಲಮ್ಮೊಂದನ್ನು ಕಟ್ಟಿದ್ದೇನೆ. ಅದರಲ್ಲಿ ಇನ್ನೂ ನಾಲ್ಕು ನಿಯಮಗಳಿವೆ. ಅವನ್ನು ಹೇಳುವುದಿಲ್ಲ, ಅವೇ ನನಗೆ ಅನ್ನ ಕೊಡುತ್ತಿರುವುದು.

ಮೂರನೇ ತಿಂಗಳ ಕೊನೆಯಲ್ಲಿ ತಾಳೆ ನೋಡಿದಾಗ ₹340 ವ್ಯತ್ಯಾಸ ಬಂತು. ಗುಮಾಸ್ತರು ಕನ್ನಡಕ ಏರಿಸಿಕೊಂಡು ನನ್ನ ಕಡೆ ನೋಡಿದರು. ಇಬ್ಬರೂ ಕುಳಿತು ಚೀಟಿ ಚೀಟಿಯಾಗಿ ಹೋದೆವು. ಒಂದು ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟಕ್ಕೆ ಏರಿಸುವಾಗ ಪುಸ್ತಕದಲ್ಲೇ ಅಂಕಿ ತಿರುಗಿತ್ತು. ಅವರು ಕೆಂಪು ಮಸಿಯಲ್ಲಿ ತಿದ್ದಿ, ‘ಮಾಲೀಕರಿಗೆ ಹೇಳಬೇಡಪ್ಪ’ ಎಂದರು. ಹೇಳಲಿಲ್ಲ. ಮುಂದಿನ ತಿಂಗಳಿನಿಂದ ಅವರೇ ಮೊದಲು ಮೊಬೈಲ್‌ನಲ್ಲಿ ನಮೂದಿಸಿ ಆಮೇಲೆ ಪುಸ್ತಕಕ್ಕೆ ಬರೆಯತೊಡಗಿದರು.

ಈಗ ಮೂರು ಮಂಡಿಗಳು, ಒಂದೊಂದರಿಂದ ತಿಂಗಳಿಗೆ ₹1,500. ಮಾವ ಕೊಡುವುದು ₹1,000, ಸಂಬಂಧದ ರಿಯಾಯಿತಿ. ಖರ್ಚು ಕಳೆದು ಮೂರೂವರೆ ಸಾವಿರದ ಆಸುಪಾಸು ಉಳಿಯುತ್ತದೆ. ದೊಡ್ಡ ದುಡ್ಡಲ್ಲ, ಆದರೆ ತರಬೇತಿಗೆ ಕಟ್ಟಿದ್ದು ವರ್ಷದೊಳಗೆ ಗಿಟ್ಟಿತು. ಇದೇ ಕೆಲಸ ತೋರಿಸಿ ಮೈಸೂರಿನಲ್ಲಿ ಒಂದು ಕೆಲಸವೂ ಸಿಕ್ಕಿದೆ. ನಕ್ಕ ಗೆಳೆಯ ಕಳೆದ ತಿಂಗಳಿನಿಂದ ಅಳಿಸಿ ಬರೆಯುತ್ತಿದ್ದಾನೆ. ಹನ್ನೆರಡನೇ ಸಲವಂತೆ.

ಸದ್ಯ ತಲೆ ತಿನ್ನುತ್ತಿರುವುದು ಚೀಟಿಗಳ ಪಿಡಿಎಫ್. ನಾನು ಮೊದಲು ಬಳಸಿದ ಲೈಬ್ರರಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು, ಚನ್ನಪ್ಪನವರ ಪಕಾರ ಕೈಕಾಲು ಚೆಲ್ಲಿ ಬಿದ್ದಿರುತ್ತಿತ್ತು. ಹಾಗಾಗಿ ಸರ್ವರ್‌ನಲ್ಲೇ ಬ್ರೌಸರ್ ಓಡಿಸಿ ಅದರಿಂದ ಚೀಟಿ ತೆಗೆಸುತ್ತೇನೆ. ಅಕ್ಷರಗಳು ಮುತ್ತಿನಂತೆ ಬರುತ್ತವೆ, 1 ಜಿಬಿ ಮೆಮೊರಿ ಮಾತ್ರ ಏದುಸಿರು ಬಿಡುತ್ತದೆ. ಅದಕ್ಕೇ ಚೀಟಿಗಳನ್ನು ಸಾಲಿನಲ್ಲಿ ನಿಲ್ಲಿಸಿ ರಾತ್ರಿ ಹತ್ತರ ಮೇಲೆ ಒಂದೊಂದಾಗಿ ತೆಗೆಸುತ್ತಿದ್ದೇನೆ.